ದುಬಾರಿ ಸ್ಟೀಲ್ ಬಾಣಲೆ: ದುಡ್ಡು ಹೋಗುವುದು ಎಲ್ಲಿಗೆ?

ಕೇಳುಗರಿಗೆ ನಮಸ್ಕಾರ.

ಕಾಸರಗೋಡು ಪೇಟೆಯಲ್ಲಾಗಲಿ, ಕುಂಬಳೆ, ಬದಿಯಡ್ಕದ ಕಡೆಯಲ್ಲಾಗಲಿ, ಪಾತ್ರೆ ಅಂಗಡಿಗೆ ಕಾಲಿಟ್ಟರೆ ಈಗ ಎರಡು ತರದ ಸ್ಟೀಲ್ ಕಣ್ಣಿಗೆ ಬೀಳುತ್ತದೆ. ಒಂದು, ತಕ್ಕಡಿಯಲ್ಲಿಟ್ಟು ಕಿಲೋ ಲೆಕ್ಕದಲ್ಲಿ ಕೊಡುವ ಸಾದಾ ಪಾತ್ರೆ. ಇನ್ನೊಂದು, ರಟ್ಟಿನ ಪೆಟ್ಟಿಗೆಯೊಳಗೆ ಮೆತ್ತಗೆ ಕೂತಿರುವ ‘ಟ್ರೈ-ಪ್ಲೈ’ ಬಾಣಲೆ. ಅಗಲ ಒಂದೇ, ಹೊಳಪೂ ಹೆಚ್ಚುಕಡಿಮೆ ಒಂದೇ, ಬೆಲೆ ಮಾತ್ರ ಎಷ್ಟೋ ಪಟ್ಟು. ಅಂಗಡಿಯವರನ್ನು ತುಳುವಿನಲ್ಲಿ ಕೇಳಿದರೂ ಮಲೆಯಾಳದಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ: “ಇದು ಕ್ವಾಲಿಟಿ.” ಆ ಕ್ವಾಲಿಟಿ ಎಂದರೇನು, ಅದಕ್ಕೆ ಅಷ್ಟು ದುಡ್ಡು ಸುರಿಯಬಹುದೇ ಎಂಬುದು ಇವತ್ತಿನ ಮಾತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಬಾಣಲೆಗೆ ಕೊಡಬಹುದು. ಹೆಚ್ಚೆಂದರೆ ಅದರ ಜೊತೆಗೆ ದಪ್ಪ ತಳದ ಒಂದು ಸಣ್ಣ ತಪಲೆಗೆ. ಏಳೆಂಟು ಪಾತ್ರೆಗಳ ಸೆಟ್ಟಿಗೆ ಖಂಡಿತ ಬೇಡ. ಗಲ್ಫಿನಿಂದ ರಜೆಗೆ ಬಂದವರು ಪ್ರೀತಿಯಿಂದ ಹೊತ್ತು ತಂದ ಸೆಟ್ಟುಗಳು ನಮ್ಮೂರಿನ ಎಷ್ಟು ಮನೆಗಳ ಶೋಕೇಸಿನಲ್ಲಿ ಧೂಳು ತಿನ್ನುತ್ತಿವೆ ಎಂದು ನಿಮಗೇ ಗೊತ್ತು.

ಕಾರಣ ಹೇಳುತ್ತೇನೆ. ಸ್ಟೀಲ್ ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಂನಿಂದ. ಕಬ್ಬಿಣಕ್ಕೆ ಶೇಕಡಾ ಹತ್ತೂವರೆಯಷ್ಟಾದರೂ ಕ್ರೋಮಿಯಂ ಬೆರೆತರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ಉಜ್ಜಿದಾಗ ಗೀಚಿಹೋದರೂ ಗಾಳಿ ತಾಗಿದ ಕೂಡಲೇ ಅದು ಮತ್ತೆ ಕೂಡಿಕೊಳ್ಳುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಇಂಥ ಉಕ್ಕನ್ನು ಎರಕ ಹೊಯ್ದದ್ದು ಬಂದೂಕಿನ ನಳಿಗೆಯ ಸವೆತ ತಡೆಯುವ ಯೋಚನೆಯಲ್ಲಿ. ಅಡುಗೆಮನೆ ಆಗ ಅವನ ತಲೆಯಲ್ಲಿರಲಿಲ್ಲ. ಅಡುಗೆಗೆ ಈ ಲೋಹದ ದೊಡ್ಡ ಕೊರತೆ ಎಂದರೆ ಅದು ಶಾಖವನ್ನು ಹಂಚುವುದಿಲ್ಲ. ಅಲ್ಯುಮಿನಿಯಂ ಇದಕ್ಕಿಂತ ಸುಮಾರು 15 ಪಟ್ಟು, ತಾಮ್ರ 25 ಪಟ್ಟು ಚೆನ್ನಾಗಿ ಶಾಖ ಹರಿಸುತ್ತದೆ. ಸ್ಟೀಲಿನಲ್ಲಿ ಬೆಂಕಿ ತಾಗಿದ ಜಾಗ ಕೆಂಡವಾದರೂ ಎರಡು ಬೆರಳು ಆಚೆ ಬರೀ ಬೆಚ್ಚಗೆ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಹಲಸಿನ ಹಣ್ಣಿನ ಬೆರಟಿ ಕಾಸಬೇಕು. ಸೊಳೆ ಬಿಡಿಸಿ, ಬೀಜ ತೆಗೆದು, ಕೊಚ್ಚಿ ಬೇಯಿಸಿ, ಬೆಲ್ಲ ಹಾಕಿ ಮಗುಚುತ್ತಾ ಹೋದ ಹಾಗೆ ನೀರಿನ ಪಸೆ ಆರುತ್ತದೆ. ಮೊದಮೊದಲು ಸಣ್ಣಗೆ ಕೊತಕೊತ ಕುದಿಯುತ್ತಿದ್ದದ್ದು ಆಮೇಲೆ ದೊಡ್ಡ ಗುಳ್ಳೆ ಎದ್ದು ಟಪ್ಪೆಂದು ಒಡೆದು ಮುಂಗೈಗೆ ಹಾರುತ್ತದೆ. ಆ ಹೊತ್ತಿನಲ್ಲಿ ಯಾರೋ ಅಂಗಳದಲ್ಲಿ ಕರೆದರು ಎಂದು ಸಟ್ಟುಗ ಬಿಟ್ಟು ಹೋದಿರೋ, ಮುಗಿಯಿತು. ತೆಳು ಸ್ಟೀಲಿನ ಪಾತ್ರೆಯಲ್ಲಿ ಅಡಿ ಹಿಡಿದ ಗುರುತು ನೋಡಿ: ನಡುವೆ ಬೆಳ್ಳಗೆ, ಸುತ್ತ ಬಳೆಯ ಹಾಗೆ ಕರಿ. ಗ್ಯಾಸ್ ಬರ್ನರಿನ ಜ್ವಾಲೆ ಎಲ್ಲಿ ತಾಗಿತ್ತೋ ಅದರ ಪಡಿಯಚ್ಚು ಅದು. ಬೆಂಕಿ ಸಣ್ಣ ಮಾಡಿದರೆ ಬಳೆ ಸಣ್ಣದಾಗುತ್ತದೆ ಅಷ್ಟೆ, ಹೋಗುವುದಿಲ್ಲ. ಹಿಂದಿನವರು ಬೆರಟಿಗೆ ಕಂಚಿನ ಉರುಳಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ದಪ್ಪ ತಳದಲ್ಲಿ ಶಾಖ ಹರಡಿಕೊಂಡು ನಿಧಾನಕ್ಕೆ ಮೇಲೇರುತ್ತದೆ. ಅಂಥ ಉರುಳಿಗಳನ್ನು ಗುಜರಿಯವರಿಗೆ ಕೊಟ್ಟು ಹೊಳೆಯುವ ಸ್ಟೀಲ್ ಡಬ್ಬ ತೆಗೆದುಕೊಂಡ ಮನೆಗಳೂ ನಮ್ಮ ಕಡೆ ಇವೆ. ಅದು ಬೇರೆಯೇ ದುಃಖ, ಇವತ್ತು ಬೇಡ.

ಟ್ರೈ-ಪ್ಲೈ ಎಂದರೆ ಆ ಕೊರತೆಗೆ ಕಂಡುಕೊಂಡ ದಾರಿ. ಒಳಗೆ ಸ್ಟೀಲ್, ಹೊರಗೆ ಸ್ಟೀಲ್, ನಡುವೆ ಅಲ್ಯುಮಿನಿಯಂ ಹಾಳೆ, ಮೂರನ್ನೂ ಒತ್ತಡದಲ್ಲಿ ಬೆಸೆದು ಒಂದೇ ತಗಡು ಮಾಡಿರುತ್ತಾರೆ. ಹೀಗೆ ಬೆಸೆದ ಲೋಹದ ಪಾತ್ರೆಗಳಿಗೆಂದೇ ಲೋಹತಜ್ಞ ಜಾನ್ ಉಲಾಮ್ 1971ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಲ್-ಕ್ಲ್ಯಾಡ್ ಕಂಪೆನಿ ತೆರೆದ. ಈಗ ನಮ್ಮ ದೇಶದ ಕಂಪೆನಿಗಳೂ ಧಾರಾಳವಾಗಿ ಮಾಡುತ್ತಿವೆ. ಹುಳಿ ಪದಾರ್ಥ ಅಲ್ಯುಮಿನಿಯಂಗೆ ತಾಗುವುದಿಲ್ಲ, ಶಾಖ ಹಂಚುವ ಕೆಲಸ ಮಾತ್ರ ಅದು ಮಾಡುತ್ತದೆ. ನೀವು ಹೆಚ್ಚಿಗೆ ಕೊಡುವ ದುಡ್ಡು ಹೋಗುವುದು ಈ ನಡುವಿನ, ಕಣ್ಣಿಗೆ ಕಾಣದ ಪದರಕ್ಕೆ.

ಇಲ್ಲಿ ಒಂದು ಎಚ್ಚರ. ‘ಸ್ಯಾಂಡ್‌ವಿಚ್ ಬಾಟಂ’ ಎಂದು ಬರೆದದ್ದು ಬೇರೆ, ಪೂರ್ತಿ ಟ್ರೈ-ಪ್ಲೈ ಬೇರೆ. ಮೊದಲನೆಯದರಲ್ಲಿ ಅಲ್ಯುಮಿನಿಯಂ ಬಿಲ್ಲೆ ತಳಕ್ಕೆ ಮಾತ್ರ ಇರುತ್ತದೆ, ಬದಿ ಸಾದಾ ಸ್ಟೀಲ್. ತಪಲೆಗೆ ಅದು ಸಾಕು, ಬೆಲೆಯೂ ಕಡಿಮೆ. ದುಂಡು ತಳದ ಬಾಣಲೆಯಲ್ಲಿ ಬೆಂಕಿ ಬದಿಗೂ ಏರುವುದರಿಂದ ಬಿಲ್ಲೆ ಮುಗಿಯುವ ಅಂಚಿನಲ್ಲೇ ಕರಟುತ್ತದೆ. ಇನ್ನು ತಳಕ್ಕೆ ತಾಮ್ರದ ಬಣ್ಣ ಬಳಿದ ಪಾತ್ರೆಗಳಿವೆ. ಆ ತಾಮ್ರ ಬಹುಪಾಲು ತೆಳು ಲೇಪ, ಶಾಖ ಹಂಚುವಷ್ಟು ದಪ್ಪವಿಲ್ಲ. ಚಂದಕ್ಕೆ ಬೇಕಿದ್ದರೆ ಕೊಳ್ಳಿ, ವಾರಕ್ಕೊಮ್ಮೆ ಹುಣಸೆಹುಳಿ ಹಾಕಿ ತಿಕ್ಕುವ ಕೆಲಸ ನಿಮ್ಮದು.

ಇಷ್ಟು ಗೊತ್ತಾದ ಮೇಲೆ ಯಾವ ಅಡುಗೆಗೆ ದುಬಾರಿ ಪಾತ್ರೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ನೀರು ಇರುವಲ್ಲಿ ಬೇಡ. ಕುಚ್ಚಲಕ್ಕಿ ಗಂಜಿಗೆ ಬೇಡ, ಸಾರಿಗೆ ಬೇಡ, ತೆಳ್ಳಗಿನ ಮೇಲಾರಕ್ಕೂ ಬೇಡ. ಕುದಿಯುವ ನೀರೇ ಒಳಗೆ ತಿರುಗುತ್ತಾ ಶಾಖ ಹಂಚುತ್ತದೆ. ಈಗ ಎಷ್ಟೋ ಮನೆಗಳಲ್ಲಿ ಅನ್ನ ಬೇಯುವುದು ಥರ್ಮಲ್ ಕುಕ್ಕರಿನಲ್ಲಿ. ಒಮ್ಮೆ ಕುದಿಸಿ ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಿದರೆ ಆಯಿತು, ಅಲ್ಲಿ ತಳ ದಪ್ಪ ಇದ್ದೂ ಪ್ರಯೋಜನ ಕಾಣೆ. ದೋಸೆಗೆ ಸ್ಟೀಲ್ ಯೋಚನೆಯೇ ಬೇಡ, ಪಳಗಿದ ಕಬ್ಬಿಣದ ಕಾವಲಿಯ ಮುಂದೆ ಯಾವ ಪ್ಲೈಯೂ ನಿಲ್ಲುವುದಿಲ್ಲ. ಬೇಕಾಗುವುದು ಜೀಗುಜ್ಜೆ ಪಲ್ಯ, ಬಾಳೆಕಾಯಿ ಹುರಿಯುವುದು, ಕೊದ್ದೆಲಿಗೆ ಮಸಾಲೆ ಹುರಿಯುವುದು, ಹಲ್ವ, ಪಾಯಸ, ಹಾಲು ಕಾಸುವುದು, ಇಂಥದ್ದಕ್ಕೆ. ದಿನಕ್ಕೊಮ್ಮೆಯಾದರೂ ಒಲೆಗೇರುವ ಬಾಣಲೆ ಅದಾದರೆ ದುಡ್ಡು ದಂಡವಲ್ಲ. ನಾನ್‌ಸ್ಟಿಕ್ಕಿನ ಲೇಪ ಕೆಲವೇ ವರ್ಷಗಳಲ್ಲಿ ಏಳುತ್ತದೆ, ಇದರಲ್ಲಿ ಏಳಲು ಲೇಪವೇ ಇಲ್ಲ.

ಸ್ಟೀಲಿಗೆ ಅಂಟುತ್ತದೆ ಎಂಬ ದೂರು ಸಾಮಾನ್ಯ. ತಣ್ಣನೆ ಬಾಣಲೆಗೆ ಎಣ್ಣೆ ಹಾಕಿ ಕೂಡಲೇ ಬಾಳೆಕಾಯಿ ಸುರಿದರೆ ಅಂಟದೆ ಇನ್ನೇನು? ಹದವಾದ ಉರಿಯಲ್ಲಿ ಕಾಯಲು ಬಿಟ್ಟು ಒಂದು ಹನಿ ನೀರು ಚಿಮುಕಿಸಿ. ಚುಯ್ಯೆಂದು ಆರಿಹೋದರೆ ಇನ್ನೂ ಕಾದಿಲ್ಲ. ಹನಿ ಉರುಟಾಗಿ ಗೋಲಿಯ ಹಾಗೆ ಓಡಾಡಿದರೆ ಕಾದಿದೆ. ಆಗ ಉರಿ ತಗ್ಗಿಸಿ ಎಣ್ಣೆ ಹಾಕಿ.

ಇನ್ನು ಸ್ಟೀಲಿನ ಜಾತಿ. ಒಳಮೈಗೆ 304 ಎಂಬ ನಂಬರು ಬೇಕು. 18/8 ಎಂದು ಬರೆದಿದ್ದರೂ ಅದೇ: ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್. 18/10 ಎಂದು ಹೆಚ್ಚು ಬೆಲೆ ಹೇಳಿದರೆ ಆ ಎರಡು ಅಂಕಕ್ಕೆ ಮರುಳಾಗಬೇಡಿ, ಅಡುಗೆಯಲ್ಲಿ ಅಂತರ ಗೊತ್ತಾಗದು. 200ರ ಸಾಲಿನ ಅಗ್ಗದ ಸ್ಟೀಲಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಉಪ್ಪು ಹುಳಿಗೆ ಅದು ಬೇಗ ಸೋಲುತ್ತದೆ. ಕೆಲವರು ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಒಳ್ಳೆಯದು ಎನ್ನುತ್ತಾರೆ. ಆ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. 304ಕ್ಕೂ ಅಂಟುವುದಿಲ್ಲ, 200ರ ಸಾಲಿಗೂ ಅಂಟುವುದಿಲ್ಲ. ಟ್ರೈ-ಪ್ಲೈಗೆ ಹೊರಗಿನಿಂದ ಅಂಟಬೇಕು, ಏಕೆಂದರೆ ಇಂಡಕ್ಷನ್ ಒಲೆಗಾಗಿ ಹೊರಪದರಕ್ಕೆ ಕಾಂತ ಹಿಡಿಯುವ 430 ಹಾಕಿರುತ್ತಾರೆ. ಹಾಗಾಗಿ ನಂಬರು ಪಾತ್ರೆಯ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ಅಚ್ಚಾಗಿದೆಯೇ ನೋಡಿ, ಬಾಯಿಮಾತು ಸಾಲದು. ನಿಕ್ಕಲ್ ಅಲರ್ಜಿ ಇರುವವರು ಹೊಸ ಸ್ಟೀಲಿನಲ್ಲಿ ಪುನರ್ಪುಳಿ, ಟೊಮೆಟೊದಂಥ ಹುಳಿಯನ್ನು ಗಂಟೆಗಟ್ಟಲೆ ಕುದಿಸದಿರುವುದು ಒಳ್ಳೆಯದು. ಅದಕ್ಕೆ ಮಣ್ಣಿನ ಅಳಗೆ ಇದೆಯಲ್ಲ.

ಕೊಳ್ಳುವ ಮೊದಲು ಬಾಣಲೆಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ. ಖಾಲಿ ಇದ್ದಾಗಲೇ ಮಣಿಕಟ್ಟು ನೋಯುವುದಾದರೆ ಪಲ್ಯ ತುಂಬಿದ ಮೇಲೆ ಅದು ಒಲೆಯಿಂದ ಇಳಿಯುವುದು ಹೇಗೆ? ವಯಸ್ಸಾದವರಿಗೆ ಎರಡು ಕಿವಿಯ ಬಾಣಲೆ ಅನುಕೂಲ. ಸೌದೆ ಒಲೆಯೇ ಮುಖ್ಯವಾಗಿರುವ ಮನೆಗೆ ಈ ಖರ್ಚು ಬೇಡವೆಂದೇ ಹೇಳುತ್ತೇನೆ. ಮಸಿ ತಿಕ್ಕಿ ತಿಕ್ಕಿ ಅದರ ಅಂದವೂ ಉಳಿಯದು, ನಿಮ್ಮ ಉಗುರೂ ಉಳಿಯದು.

ತಣ್ಣೀರಿಗೆ ಉಪ್ಪು ಹಾಕಿ ಒಲೆಯ ಮೇಲಿಟ್ಟರೆ ತಳದಲ್ಲಿ ಕುಳಿತ ಹರಳು ಸ್ಟೀಲಿನ ಪೊರೆ ಕೊರೆದು ಸೂಜಿಮೊನೆಯಷ್ಟು ಗುಳಿ ಮಾಡುತ್ತದೆ. ಒಳ್ಳೆಯ 304ರಲ್ಲೂ ಇದು ಆಗುತ್ತದೆ, ಆದ್ದರಿಂದ ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಿ. ಹೆಚ್ಚು ಕಾದು ಕಾಮನಬಿಲ್ಲಿನ ಬಣ್ಣ ಬಂದರೆ ಹೆದರಬೇಡಿ, ಪಾತ್ರೆ ಕೆಟ್ಟಿಲ್ಲ. ಅದನ್ನು ತೆಗೆಯಲೆಂದು ದುಬಾರಿ ಪುಡಿ ಮಾರುತ್ತಾರೆ, ಅಂಥ ಕೆಲವು ಪುಡಿಗಳಲ್ಲಿ ಕೆಲಸ ಮಾಡುವುದು ಆಕ್ಸಾಲಿಕ್ ಆಮ್ಲ. ಹಿತ್ತಲಲ್ಲಿ ಗೊಂಚಲು ಗೊಂಚಲಾಗಿ ಬಿಟ್ಟು ಉದುರಿ ಕೊಳೆಯುವ ಬಿಂಬುಳಿಯಲ್ಲೂ ಅದೇ ಆಮ್ಲ ಇದೆ. ಒಂದೆರಡು ಕಾಯಿ ಜಜ್ಜಿ ಕಲೆಯ ಮೇಲೆ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಕೈಯಲ್ಲಿ ಗಾಯವಿದ್ದರೆ ಮಾತ್ರ ಬೇರೆಯವರಿಂದ ತಿಕ್ಕಿಸಿ, ಉರಿ ತಡೆಯಲಾಗದು.

ನಮಸ್ಕಾರ.