ವಿಮಾನ ರದ್ದಾಯಿತೇ? ಕಾರಣವನ್ನು ಬರಹದಲ್ಲಿ ಕೇಳಿ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಲ್ಲಿ ಈಗ ವಿಮಾನ ಹತ್ತುವವರು ದೊಡ್ಡ ವ್ಯಾಪಾರಸ್ಥರು ಮಾತ್ರವಲ್ಲ. ಮಗಳ ಬಾಣಂತನಕ್ಕೆ ದೆಹಲಿಗೆ ಹೊರಟ ತಾಯಿ, ಕೆಲಸದ ಸಂದರ್ಶನಕ್ಕೆ ಹೊರಟ ಹುಡುಗ, ಆಸ್ಪತ್ರೆಗೆಂದು ಬೆಂಗಳೂರಿಗೆ ಬರುವ ಹಿರಿಯರು, ಎಲ್ಲರೂ ಇದ್ದಾರೆ. ಇವತ್ತಿನ ಮಾತು ಅವರಿಗಾಗಿ. ಅದರಲ್ಲೂ ಒಂದೇ ಒಂದು ವಿಷಯ ನೆನಪಿಟ್ಟುಕೊಂಡರೂ ಸಾಕು: ವಿಮಾನ ರದ್ದಾದರೆ ಅಥವಾ ವಿಪರೀತ ತಡವಾದರೆ, ಯಾಕೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಿಲ್ದಾಣ ಬಿಟ್ಟು ಹೊರಡುವ ಮೊದಲೇ ಕೇಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಪರಿಹಾರವೆಲ್ಲ ನಿಂತಿರುವುದೇ ಆ ಕಾರಣದ ಮೇಲೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಇದಕ್ಕೆಂದೇ ನಿಯಮ ಮಾಡಿದೆ. ಹವಾಮಾನ, ಪ್ರವಾಹ, ಗಲಭೆ, ಮುಷ್ಕರ, ಭದ್ರತೆಯ ಅಪಾಯ, ವಾಯು ಸಂಚಾರ ನಿಯಂತ್ರಣದ ಅಡಚಣೆ, ಇಂಥ ಕಂಪನಿಯ ಕೈಮೀರಿದ ಕಾರಣಕ್ಕೆ ವಿಮಾನ ನಿಂತರೆ ನಗದು ಪರಿಹಾರ ಇಲ್ಲ. ಕಂಪನಿಯ ಕೈಯಲ್ಲೇ ಇದ್ದ ಕಾರಣವಾದರೆ ಉಂಟು. ಇನ್ನು ಕೌಂಟರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಆಪರೇಷನಲ್ ರೀಸನ್’. ದಯವಿಟ್ಟು ಇದನ್ನು ಒಪ್ಪಿಕೊಂಡು ಬರಬೇಡಿ, ಅದು ಕಾರಣವೇ ಅಲ್ಲ. ಪೈಲಟ್ ಇರಲಿಲ್ಲವೇ, ಎಂಜಿನ್ ಕೆಟ್ಟಿತ್ತೇ, ಮಂಜು ಕವಿದಿತ್ತೇ, ಅದನ್ನು ಹೇಳಲಿ.

ಈಗ ಲೆಕ್ಕ. ವಿಮಾನ ರದ್ದಾಗುವ ವಿಷಯವನ್ನು ಹೊರಡುವ ಹೊತ್ತಿಗೆ 24 ಗಂಟೆ ಮೊದಲೇ ತಿಳಿಸಿ, ಬೇರೆ ವಿಮಾನವನ್ನೋ ಪೂರ್ತಿ ಹಣವನ್ನೋ ಕೊಟ್ಟರೆ ಪರಿಹಾರ ಕೇಳುವ ಹಾಗಿಲ್ಲ. ಹಾಗೆ ತಿಳಿಸದೆ ರದ್ದು ಮಾಡಿ, ನೀವು ಒಪ್ಪುವಂಥ ಬೇರೆ ವಿಮಾನವನ್ನೂ ಕೊಡದಿದ್ದರೆ, ಹಾರಾಟದ ಅವಧಿ ಒಂದು ಗಂಟೆಯೊಳಗಿದ್ದಲ್ಲಿ 5,000 ರೂಪಾಯಿ, ಒಂದರಿಂದ ಎರಡು ಗಂಟೆಯಾದರೆ 7,500, ಎರಡು ಗಂಟೆಗಿಂತ ಹೆಚ್ಚಾದರೆ 10,000. ಆದರೆ ಇದು ಗರಿಷ್ಠ ಮಿತಿ. ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದರೆ ಎಷ್ಟಾಗುತ್ತದೋ ಅದು, ಅಥವಾ ಈ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತಾರೆ.

ಒಂದು ಟಿಕೆಟ್ ಹಿಡಿದೇ ನೋಡೋಣ. ಒಂದು ಗಂಟೆ ಹತ್ತು ನಿಮಿಷದ ಪ್ರಯಾಣ, ಒಟ್ಟು 4,200 ರೂಪಾಯಿ. ಅದರಲ್ಲಿ ಮೂಲ ದರ 2,900, ಇಂಧನ ಶುಲ್ಕ 400, ಉಳಿದದ್ದು ತೆರಿಗೆ ಮತ್ತು ನಿಲ್ದಾಣದ ಶುಲ್ಕ. ನಿಮಗೆ ಬರುವ ಪರಿಹಾರ 3,300. ಏಳೂವರೆ ಸಾವಿರ ಅಲ್ಲ. ಆದರೆ ರೀಫಂಡ್ ಬೇರೆ, ಪರಿಹಾರ ಬೇರೆ. ಪ್ರಯಾಣವೇ ಬೇಡವೆಂದರೆ ಆ 4,200 ಪೂರ್ತಿ ವಾಪಸ್ ಬರಬೇಕು, ಅದರ ಮೇಲೆ ಈ 3,300. ಟಿಕೆಟ್ ದುಡ್ಡು ವಾಪಸ್ ಬಂತಲ್ಲ ಎಂದು ಅನೇಕರು ಅಲ್ಲಿಗೇ ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ.

ಕೈಗೆ ಬರಬೇಕಾದ ಹಣ ತಪ್ಪಿಹೋಗುವುದು ಹೆಚ್ಚಾಗಿ ಮೂರು ಕಡೆ. ಟಿಕೆಟ್ ಮಾಡಿಸುವಾಗ ಏಜೆಂಟ್ ತನ್ನದೇ ಫೋನ್ ನಂಬರ್ ಹಾಕಿರುತ್ತಾನೆ. ರದ್ದಾದ ಸಂದೇಶ ಅವನಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಸರಿಯಾದ ಸಂಪರ್ಕ ಕೊಟ್ಟಿರದಿದ್ದರೆ ಪರಿಹಾರ ಇಲ್ಲವೆಂದು ನಿಯಮದಲ್ಲೇ ಇದೆ. ಹಾಗಾಗಿ ನಿಮ್ಮ ನಂಬರನ್ನೇ ಹಾಕಿಸಿ. ಎರಡನೆಯದು, ವಿಮಾನ ಹೊರಡುವ ಲಕ್ಷಣ ಕಾಣುತ್ತಿಲ್ಲ ಎಂದು ಕಂಪನಿಗಿಂತ ಮೊದಲು ನೀವೇ ಆ್ಯಪಿನಲ್ಲಿ ಕ್ಯಾನ್ಸಲ್ ಒತ್ತಿಬಿಡುವುದು. ಆಗ ರದ್ದು ಮಾಡಿದವರು ನೀವು ಎಂದಾಗಿ, ಶುಲ್ಕವೂ ಕಡಿತವಾಗುತ್ತದೆ. ಕಾಯಿರಿ, ಅವರೇ ರದ್ದು ಮಾಡಲಿ. ಮೂರನೆಯದು ವೋಚರ್. ಮುಂದಿನ ಪ್ರಯಾಣಕ್ಕೆ ಬಳಸಿಕೊಳ್ಳಿ ಎಂದು ಲಿಂಕ್ ಕಳಿಸುತ್ತಾರೆ. ಹಣವೇ ಬೇಕಾದರೆ ಅದನ್ನು ಒತ್ತಬೇಡಿ.

ವಿಮಾನ ರದ್ದಾಗದೆ ಬರೀ ತಡವಾದರೆ? ದೇಶದೊಳಗಿನ ಪ್ರಯಾಣದಲ್ಲಿ ತಡಕ್ಕೆಂದು ನಿಗದಿಯಾದ ನಗದು ಪರಿಹಾರ ಇಲ್ಲ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ ಮೂರು ಗಂಟೆ ತಡವಾಗಿರಬೇಕು. ಆರು ಗಂಟೆಗಿಂತ ಹೆಚ್ಚು ತಡವೆಂದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ರಾತ್ರಿ ಎಂಟರಿಂದ ಬೆಳಗಿನ ಜಾವ ಮೂರರೊಳಗೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೋಣೆ, ಹೋಗಿಬರುವ ವಾಹನವೂ ಸಹ. ನೀವು ಸರಿಯಾದ ಹೊತ್ತಿಗೆ ಚೆಕ್-ಇನ್ ಆಗಿರಬೇಕು, ಅಷ್ಟೆ.

ನಿಯಮದಲ್ಲಿ ನಗದು ಇಲ್ಲವೆಂದರೆ ನಿಮ್ಮ ನಷ್ಟಕ್ಕೆ ದಿಕ್ಕೇ ಇಲ್ಲ ಎಂದಲ್ಲ. ಇಲ್ಲಿ ಒಂದು ಪ್ರಕರಣ ಹೇಳಲೇಬೇಕು. ಅದು ರೈಲಿನದು, ಆದರೆ ವಿಮಾನದವರೂ ಕಿವಿಗೊಟ್ಟು ಕೇಳಬೇಕಾದದ್ದು.

2016ರ ಜೂನ್ 11. ರಾಜಸ್ಥಾನದ ಒಬ್ಬರು ಕುಟುಂಬ ಸಮೇತ ಅಜ್ಮೀರ್–ಜಮ್ಮು ಎಕ್ಸ್‌ಪ್ರೆಸ್ಸಿನಲ್ಲಿ ಹೊರಟರು. ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಜಮ್ಮು ತಲುಪಬೇಕು, ಮಧ್ಯಾಹ್ನ 12ಕ್ಕೆ ಶ್ರೀನಗರದ ವಿಮಾನ. ನಡುವೆ ಸಾಕಷ್ಟು ಸಮಯ ಬಿಟ್ಟುಕೊಂಡೇ ಟಿಕೆಟ್ ಮಾಡಿಸಿದ್ದರು. ರೈಲು ಜಮ್ಮು ಸೇರಿದ್ದು ವಿಮಾನ ಹೊರಡುವ ಹೊತ್ತಿಗೆ. ಇಡೀ ಕುಟುಂಬ ಟ್ಯಾಕ್ಸಿಯಲ್ಲಿ ಶ್ರೀನಗರಕ್ಕೆ ಹೋಗಬೇಕಾಯಿತು, ಬಾಡಿಗೆ 15,000 ರೂಪಾಯಿ. ವಿಮಾನದ ಟಿಕೆಟ್ ಹಣ 9,000 ಹೋಯಿತು. ದಾಲ್ ಸರೋವರದಲ್ಲಿ ದೋಣಿಮನೆಗೆ ಕಟ್ಟಿದ್ದ 10,000 ಕೂಡ ಹೋಯಿತು.

ಅವರು ಜಿಲ್ಲಾ ಗ್ರಾಹಕ ವೇದಿಕೆಗೆ ದೂರು ಕೊಟ್ಟು ಗೆದ್ದರು. ರೈಲ್ವೆ ಸುಮ್ಮನಾಗಲಿಲ್ಲ. ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ, ಎರಡು ಕಡೆ ಸೋತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರೈಲು ಇಂಥ ಹೊತ್ತಿಗೇ ಬರುತ್ತದೆಂಬ ಖಾತರಿ ನಾವು ಕೊಟ್ಟಿಲ್ಲ, ನಮ್ಮ ನಿಯಮದಲ್ಲೇ ಹಾಗಿದೆ ಎಂಬುದು ರೈಲ್ವೆಯ ವಾದ. 2021ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತಡಕ್ಕೆ ಕಾರಣವೇನು, ಅದು ನಿಮ್ಮ ಕೈಮೀರಿದ್ದೆಂದು ನೀವು ಸಾಬೀತು ಮಾಡಬೇಕು. ಮಾಡದಿದ್ದರೆ ಪರಿಹಾರ ಕೊಡಲೇಬೇಕು ಎಂದಿತು. ಗಮನಿಸಿ, ಸಾಬೀತು ಮಾಡಬೇಕಾದದ್ದು ಪ್ರಯಾಣಿಕ ಅಲ್ಲ, ತಡ ಮಾಡಿದವರು! ರೈಲ್ವೆಯ ಬಳಿ ತೋರಿಸಲು ಒಂದು ಪುರಾವೆಯೂ ಇರಲಿಲ್ಲ.

ಬರಹದಲ್ಲಿ ಕಾರಣ ಕೇಳಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ನೀವು ಕೇಳಿದ ದಿನವೇ ಅವರು ಹೇಳಲಿಲ್ಲ ಎಂದಾದರೆ, ಆರು ತಿಂಗಳ ನಂತರ ‘ಹವಾಮಾನ ಸರಿಯಿರಲಿಲ್ಲ’ ಎಂದು ಬರೆದು ತಂದಾಗ ಅದಕ್ಕೆ ತೂಕ ಕಡಿಮೆ. ಕೌಂಟರಿನಲ್ಲಿ ಬರೆದುಕೊಡಲು ಒಪ್ಪುವುದಿಲ್ಲವೇ? ಅಲ್ಲೇ ಕುಳಿತು ಕಂಪನಿಗೆ ಇಮೇಲ್ ಕಳಿಸಿ. ವಿಮಾನದ ಸಂಖ್ಯೆ, ದಿನಾಂಕ, ಪಿಎನ್‌ಆರ್, ಎಷ್ಟು ಹೊತ್ತಿಗೆ ಏನು ಘೋಷಿಸಿದರು, ಕಾರಣವೇನು ತಿಳಿಸಿ, ನಾಲ್ಕೇ ಸಾಲು ಸಾಕು. ಹವಾಮಾನವೇ ಕಾರಣ ಎಂದು ಹೇಳಿದರೆ, ಹೊರಟುಹೋದ ಇತರ ವಿಮಾನಗಳು ಕಾಣುವ ಹಾಗೆ ನಿರ್ಗಮನ ಫಲಕದ ಫೋಟೊ ತೆಗೆಯಿರಿ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು, ಮಳೆಗಾಲದಲ್ಲಿ ಮಂಗಳೂರಿನ ಮೋಡ, ಇವು ನಿಜವಾದ ತೊಂದರೆಗಳೇ. ಆದರೆ ಅದೇ ಗಂಟೆಯಲ್ಲಿ ಅದೇ ಊರಿಗೆ ಬೇರೆ ಕಂಪನಿಯ ವಿಮಾನಗಳು ಒಂದರ ಹಿಂದೊಂದು ಹೊರಟಿದ್ದರೆ ಆ ಫೋಟೊ ನಿಮ್ಮ ಪರ ಮಾತಾಡುತ್ತದೆ.

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಯುರೋಪಿಗೆ ಹೋಗಿಬರುವವರ ನಿಯಮ ಬೇರೆ. ಯುರೋಪಿಯನ್ ಒಕ್ಕೂಟದಿಂದ ಹೊರಡುವ ಯಾವ ವಿಮಾನಕ್ಕೂ, ಇಲ್ಲಿಂದ ಅಲ್ಲಿಗೆ ಹೋಗುವಾಗ ಅಲ್ಲಿನ ಕಂಪನಿಯ ವಿಮಾನಕ್ಕೂ ಅಲ್ಲಿನ ಕಾನೂನು ಅನ್ವಯ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾದಲ್ಲಿ ಹೋದರೆ ಉಂಟು, ದೆಹಲಿಯಿಂದ ಏರ್ ಇಂಡಿಯಾದಲ್ಲಿ ಹೋದರೆ ಇಲ್ಲ. ವಾಪಸ್ ಬರುವಾಗ ಎರಡಕ್ಕೂ ಉಂಟು. ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆಗಿಂತ ಹೆಚ್ಚು ತಡವಾಗಿ ತಲುಪಿದರೆ, ಇಷ್ಟು ದೂರದ ಪ್ರಯಾಣಕ್ಕೆ ತಲೆಗೆ 600 ಯೂರೊ. ಬ್ರಿಟನ್ನಿನಲ್ಲೂ ಇದೇ ಬಗೆಯ ಕಾನೂನಿದೆ, ಅಲ್ಲಿ 520 ಪೌಂಡ್.

ದೂರಿನ ದಾರಿ ಹೀಗೆ: ಮೊದಲು ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆಯಿರಿ, ಆಮೇಲೆ ಅವರದೇ ಮೇಲ್ಮನವಿ ಅಧಿಕಾರಿಗೆ. ಜೊತೆಗೆ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗ. ಕಂಪನಿಯ ಮುಖ್ಯ ಕಚೇರಿ ಎಲ್ಲೇ ಇರಲಿ, ಧಾರವಾಡದವರು ಧಾರವಾಡದಲ್ಲೇ ದೂರು ಕೊಡಬಹುದು. ಟಿಕೆಟ್ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ದೂರಿನ ಜೊತೆ ಟಿಕೆಟ್, ಬೋರ್ಡಿಂಗ್ ಪಾಸ್, ರದ್ದಾದ ಸಂದೇಶ ಬಂದ ಹೊತ್ತು ಕಾಣುವ ಸ್ಕ್ರೀನ್‌ಶಾಟ್, ಟ್ಯಾಕ್ಸಿ ಹೋಟೆಲಿನ ಬಿಲ್ಲುಗಳು ಇರಲಿ. ಎಲ್ಲಕ್ಕಿಂತ ಮೇಲೆ, ಕಾರಣ ಕೇಳಿ ನೀವು ಕಳಿಸಿದ ಆ ಇಮೇಲಿನ ಪ್ರತಿ ಇಡಿ.

ನಮಸ್ಕಾರ.