ರೋನ್ ದಡದ ಕೆಂಪು ವೈನ್ ಮತ್ತು ಅದಕ್ಕೊಪ್ಪುವ ಊಟ

ಕೇಳುಗರಿಗೆ ನಮಸ್ಕಾರ.

ವೈನ್ ಮಾತು ಬಂದಾಗ "ಇದು ಯಾವ ದ್ರಾಕ್ಷಿಯದು?" ಎಂದು ಕೇಳುವವರು ಬಹಳ. ಒಂದೇ ತಳಿಯದಾದರೆ ಶುದ್ಧ, ಹಲವು ಸೇರಿದರೆ ಕಲಬೆರಕೆ ಎಂಬ ಅನುಮಾನ ಆ ಪ್ರಶ್ನೆಯೊಳಗೆ ಅಡಗಿರುತ್ತದೆ. ಫ್ರಾನ್ಸಿನ ದಕ್ಷಿಣದಲ್ಲಿ, ರೋನ್ ನದಿ ಮೆಡಿಟರೇನಿಯನ್ ಕಡೆಗೆ ಇಳಿಯುವ ಸೀಮೆಯಲ್ಲಿ, ಈ ಅನುಮಾನಕ್ಕೆ ಎಡೆಯಿಲ್ಲ. ಅಲ್ಲಿ ಹದವರಿತು ಬೆರೆಸುವುದೇ ಕಸುಬಿನ ಹೆಚ್ಚುಗಾರಿಕೆ.

ಆವಿನ್ಯೋನ್ ನಗರದ ಉತ್ತರಕ್ಕೆ ಶಾತೋನಫ್ ದ್ಯು ಪಾಪ್ ಎಂಬ ಊರಿದೆ; ಇಲ್ಲಿಯ ವೈನಿಗೂ ಅದೇ ಹೆಸರು. 14ನೆಯ ಶತಮಾನದಲ್ಲಿ ಪೋಪರು ರೋಮ್ ಬಿಟ್ಟು ಆವಿನ್ಯೋನಿನಲ್ಲಿ ನೆಲೆಸಿದ್ದಾಗ, 22ನೆಯ ಜಾನ್ ಇಲ್ಲಿನ ದಿಬ್ಬದ ಮೇಲೆ ಕೋಟೆ ಕಟ್ಟಿಸಿದರು. ಅದರ ಮುರಿದ ಗೋಡೆಗಳು ಇಂದಿಗೂ ನಿಂತಿವೆ. ಸುತ್ತಲಿನ ಎಷ್ಟೋ ತೋಟಗಳಲ್ಲಿ ನೆಲವೇ ಕಾಣದಷ್ಟು ಉರುಟು ಕಲ್ಲುಗಳು. ಹಗಲಿನ ಬಿಸಿಲನ್ನು ಹೀರಿಕೊಂಡು ಕತ್ತಲಾದ ಮೇಲೂ ಬೆಚ್ಚಗಿರುತ್ತವೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ಗೊಂಚಲುಗಳ ತೇವ ಆರಿಸಿ ಬೂಷ್ಟು ಹಿಡಿಯದಂತೆ ಕಾಯುತ್ತದೆ. ಅದೇ ಗಾಳಿ ರಭಸವಾದರೆ ಚಿಗುರು ಮುರಿಯುತ್ತದೆ. ಆದ್ದರಿಂದಲೇ ಗ್ರೆನಾಶ್ ಎಂಬ ದ್ರಾಕ್ಷಿಯ ಬಳ್ಳಿಯನ್ನು ಎತ್ತರಕ್ಕೆ ಹಬ್ಬಿಸದೆ, ಕುಳ್ಳಗೆ ಪೊದೆಯಂತೆ ಸವರಿ ಬೆಳೆಸುತ್ತಾರೆ.

ಗ್ರೆನಾಶ್ ಇಲ್ಲಿಯ ಮುಖ್ಯ ದ್ರಾಕ್ಷಿ. ಬಿಸಿಲಿಗೆ ಬೆದರದೆ ಮಾಗಿ ಸಕ್ಕರೆ ತುಂಬಿಕೊಳ್ಳುತ್ತದೆ; ವೈನಿಗೆ ಮೈತುಂಬಿದ ರುಚಿ ಬರುವುದು ಇದರಿಂದ. ಆದರೆ ಸಿಪ್ಪೆ ತೆಳು, ಬಣ್ಣ ಕಡಿಮೆ, ಅದರ ವೈನ್ ಗಾಳಿ ತಗುಲಿದರೆ ಬೇಗ ಸೊರಗುತ್ತದೆ. ಕಡುಬಣ್ಣವನ್ನೂ ಕರಿಮೆಣಸಿನ ಘಾಟನ್ನೂ ಸಿರಾ ಎಂಬ ಎರಡನೆಯ ತಳಿ ಕೊಡುತ್ತದೆ. ನಂದಿಬೆಟ್ಟದ ತಪ್ಪಲಿನ ತೋಟಗಳಲ್ಲಿ ಶಿರಾಜ್ ಎಂದು ಬೆಳೆಯುವುದು ಈ ತಳಿಯನ್ನೇ. ಮೂರನೆಯದು ಮೂರ್ವೆದ್ರ್: ತಡವಾಗಿ ಮಾಗುವ, ದಪ್ಪ ಸಿಪ್ಪೆಯ ದ್ರಾಕ್ಷಿ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದಂತಾಗುವ ಒಗರು ಇದರಲ್ಲಿ ಧಾರಾಳ. ಆ ಒಗರೇ ಗ್ರೆನಾಶ್ ಬೇಗ ಕೆಡದಂತೆ ತಡೆದು, ವೈನ್ ವರ್ಷಗಟ್ಟಲೆ ಬಾಳುವಂತೆ ಮಾಡುತ್ತದೆ. ಇಲ್ಲಿಯ ನಿಯಮ ಬೆರೆಸಲೇಬೇಕೆಂದು ಹೇಳುವುದಿಲ್ಲ; ಬರೀ ಗ್ರೆನಾಶ್‌ನಿಂದ ಸೊಗಸಾದ ವೈನ್ ಮಾಡುವವರೂ ಇದ್ದಾರೆ. ಆದರೂ ಮೂರೂ ಸೇರಿದ್ದರಲ್ಲಿ ನನಗೆ ಕಾಣುವ ಪೂರ್ಣತೆ ಒಂಟಿ ತಳಿಯಲ್ಲಿ ಅಪರೂಪ.

1923ರಲ್ಲಿ ಇಲ್ಲಿಯ ತೋಟದ ಒಡೆಯ ಬ್ಯಾರನ್ ಲೆ ರುವಾ ಅವರ ಮುಂದಾಳುತನದಲ್ಲಿ ಬೆಳೆಗಾರರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಅದರಲ್ಲೊಂದು ನನಗೆ ಬಹಳ ಪ್ರಿಯ: ಥೈಮ್ ಮತ್ತು ಲ್ಯಾವೆಂಡರ್ ಎಂಬ ಪರಿಮಳದ ಗಿಡಗಳು ಬೆಳೆಯುವಂಥ ಒಣ ನೆಲವಷ್ಟೇ ಈ ಬಳ್ಳಿಗೆ ಯೋಗ್ಯ. ಊಟದ ಸುಳಿವೂ ಇದರಲ್ಲಿಯೇ ಇದೆ. ಥೈಮ್, ರೋಸ್ಮರಿ, ಬೆಳ್ಳುಳ್ಳಿ ಸವರಿ ಸುಟ್ಟ ಕುರಿಮರಿಯ ತೊಡೆ ಈ ವೈನಿಗೆ ಹೇಳಿಮಾಡಿಸಿದ ಜೋಡಿ. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಮನೆಗಳ ದೋಬ್ ಇನ್ನೂ ಸೊಗಸು. ಮಾಂಸವನ್ನು ಕೆಂಪು ವೈನಿನಲ್ಲಿ ನೆನೆಸಿ, ಈರುಳ್ಳಿ, ಗಜ್ಜರಿ, ಒಣಗಿದ ಕಿತ್ತಳೆ ಸಿಪ್ಪೆ ಹಾಕಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಅಡುಗೆ ಅದು. ಮಾಂಸದ ಪ್ರೋಟೀನು ವೈನಿನ ಒಗರನ್ನು ಹಿಡಿದುಕೊಳ್ಳುವುದರಿಂದ ನಾಲಿಗೆಗೆ ಹಣ್ಣಿನ ರುಚಿ ಮುಂದಾಗುತ್ತದೆ.

ಮಾಂಸ ತಿನ್ನದವರಿಗೂ ದಾರಿಯುಂಟು. ಬದನೆ, ಟೊಮೆಟೊ, ದೊಣ್ಣೆಮೆಣಸನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸುವ ರಾಟಟೂಯಿ, ಹುರಿದ ಅಣಬೆ, ಮೀನು ಸೇರಿಸದೆ ಕಪ್ಪು ಆಲಿವ್ ಅರೆದ ತಾಪೆನಾಡ್ ಒಗ್ಗುತ್ತವೆ. ಹೆಚ್ಚು ಖಾರದ ಊಟ ಮಾತ್ರ ಬೇಡ. ಶಾತೋನಫ್ ವೈನಿನಲ್ಲಿ ಮದ್ಯಸಾರ ಕನಿಷ್ಠ ಶೇ. 12.5 ಇರಬೇಕೆಂಬುದು ನಿಯಮ. ಈಗ ಸಾಮಾನ್ಯವಾಗಿ ಶೇ. 14 ದಾಟುತ್ತದೆ. ಅಷ್ಟು ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಕೆದಕುತ್ತದೆ. ನವಿರಾದ ಆವಿಯ ಮೀನಂತೂ ಇದರೆದುರು ರುಚಿಯೇ ಕಳೆದುಕೊಳ್ಳುತ್ತದೆ.

ಇದು ಬೆಲೆಬಾಳುವ ವೈನ್. ಕೈಗೆಟುಕದವರು ಇದೇ ತಳಿಗಳ ಕೋತ್ ದ್ಯು ರೋನ್ ಎಂಬ ವೈನ್ ಕೇಳಬಹುದು. ಅದನ್ನು ಬಹಳ ವರ್ಷ ಇಡದೆ ಎಳೆಯದಾಗಿರುವಾಗಲೇ ಕುಡಿಯುವುದು ವಾಡಿಕೆ, ದಿನನಿತ್ಯದ ಊಟಕ್ಕೆ ಅದೇ ಚೆಂದ. ಯಾವುದನ್ನೇ ತಂದರೂ 16ರಿಂದ 18 ಡಿಗ್ರಿ ತಂಪಿನಲ್ಲಿ ಬಡಿಸಿ. ಬೇಸಿಗೆಯ ಕೋಣೆಯಲ್ಲಿಟ್ಟ ಬಾಟಲಿಯಾದರೆ, ಊಟಕ್ಕೆ ಕೂರುವ ಅರ್ಧ ಗಂಟೆ ಮೊದಲು ಫ್ರಿಜ್‌ನಲ್ಲಿಡಿ.

ನಮಸ್ಕಾರ.