ವಿಮಾನದಲ್ಲಿ ಸೀಟು 180, ಮಾರಿದ ಟಿಕೆಟ್ 185: ಇದು ಯಾವ ಲೆಕ್ಕ?

[ಪರದೆಯ ಮೇಲೆ: 180 ಸೀಟು, 185 ಟಿಕೆಟ್]

ನಮಸ್ಕಾರ. ನಿಮ್ಮಲ್ಲೊಬ್ಬರು ಸಿಟ್ಟಿನಲ್ಲೇ ಕೇಳಿದ್ದರು: "ಇರುವ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿದರೆ ಥಿಯೇಟರ್‌ನವರನ್ನು ಸುಮ್ನೆ ಬಿಡ್ತೀವಾ? ವಿಮಾನದವರನ್ನು ಯಾಕೆ ಬಿಟ್ಟಿದ್ದೀವಿ?"

ಕಾರಣ ನಿಮಗೆ ಗೊತ್ತಿರುವುದೇ. ಟಿಕೆಟ್ ತೆಗೆದುಕೊಂಡ ಎಲ್ಲರೂ ಬರುವುದಿಲ್ಲ. ಮೀಟಿಂಗ್ ಮುಂದಕ್ಕೆ ಹೋಗುತ್ತದೆ, ಹೆಬ್ಬಾಳದಲ್ಲಿ ಟ್ರಾಫಿಕ್ ಜಾಮ್ ಆಗುತ್ತದೆ. ಹಾಗಾದರೆ ಎಷ್ಟು ಜಾಸ್ತಿ ಮಾರಬಹುದು?

ಊಹೆಯ ಅಂಕಿ ಇಟ್ಟುಕೊಳ್ಳೋಣ. 100 ಜನರಲ್ಲಿ 95 ಜನ ಬರುತ್ತಾರೆ. 185 ಟಿಕೆಟ್ ಮಾರಿದರೆ, 100 ಹಾರಾಟದಲ್ಲಿ ಸೀಟು ಸಾಲದೆ ಹೋಗುವುದು ಸುಮಾರು 4 ಸಲ ಮಾತ್ರ. ಇನ್ನು ನಾಲ್ಕೇ ನಾಲ್ಕು ಟಿಕೆಟ್ ಸೇರಿಸಿ 189 ಮಾಡಿ. ಈಗ 39 ಸಲ! ಆಸೆ ಸ್ವಲ್ಪ ಜಾಸ್ತಿಯಾದರೂ ಗೇಟ್‌ನಲ್ಲಿ ಜಗಳ.

ಎಲ್ಲಿ ನಿಲ್ಲಿಸಬೇಕು? ಟಿಕೆಟ್‌ಗೆ 5,000 ರೂಪಾಯಿ, ಒಬ್ಬರನ್ನು ಬಿಟ್ಟು ಹೋದರೆ 20,000 ಖರ್ಚು ಅನ್ನಿ. 5,000 ಅಂದರೆ 20,000ದ ನಾಲ್ಕನೇ ಒಂದು ಭಾಗ. ಹಾಗಾಗಿ ಹೊಸ ಟಿಕೆಟ್‌ನಿಂದ ಒಬ್ಬರು ಉಳಿದುಬಿಡುವ ಸಂಭವ ನಾಲ್ಕರಲ್ಲಿ ಒಂದನ್ನು ದಾಟುವವರೆಗೆ ಮಾರಿದರೂ ಲಾಭವೇ. ಅಂದರೆ ಎಲ್ಲ ನಿಂತಿರುವುದು ಒಬ್ಬರನ್ನು ಬಿಟ್ಟು ಹೋಗುವ ಬೆಲೆಯ ಮೇಲೆ.

ಈ ಬೆಲೆ ತಿಳಿಯುವುದು ಹೇಗೆ? ನನಗೆ ತುಂಬಾ ಇಷ್ಟವಾದ ಕಥೆ ಇದೇ. 1968ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಒಂದು ಉಪಾಯ ಬರೆದರು. ಆಗ ಸೀಟು ಸಾಲದಿದ್ದರೆ ಯಾರನ್ನು ಬಿಡುತ್ತಿದ್ದರು ಗೊತ್ತಾ? ಅವರ ಪ್ರಕಾರ, ಗಲಾಟೆ ಮಾಡದ ವಯಸ್ಸಾದವರನ್ನು, ಸೈನಿಕರನ್ನು. ಅದರ ಬದಲು ಎಲ್ಲರಿಗೂ ಒಂದೊಂದು ಲಕೋಟೆ ಕೊಡಿ, ಎಷ್ಟು ದುಡ್ಡು ಕೊಟ್ಟರೆ ಮುಂದಿನ ವಿಮಾನಕ್ಕೆ ಕಾಯುತ್ತೀರಿ ಅಂತ ಬರೆಸಿ, ಕಡಿಮೆ ಕೇಳಿದವರಿಗೆ ಕೊಡಿ ಅಂದರು.

ಇದನ್ನು ಎಲ್ಲೋ ನೋಡಿದ ಹಾಗಿದೆ ಅಲ್ವಾ? ನಮ್ಮ ಚೀಟಿ ಕೂಗುವುದು! ಅಲ್ಲೂ ಅಷ್ಟೇ, ಎಲ್ಲರಿಗಿಂತ ಕಡಿಮೆಗೆ ಒಪ್ಪಿದವರಿಗೆ ಚೀಟಿ. ಮಗಳ ಫೀಸು ಕಟ್ಟಬೇಕಾದವರು ಬೇಗ ಇಳಿಯುತ್ತಾರೆ, ಆತುರ ಇಲ್ಲದವರು ಕೈಕಟ್ಟಿ ಕೂರುತ್ತಾರೆ. ವಿಮಾನದಲ್ಲಿ ಮಾತ್ರ ಉಲ್ಟಾ: ಆತುರ ಇಲ್ಲದವರೇ ದುಡ್ಡು ಜೇಬಿಗೆ ಹಾಕಿಕೊಂಡು ಕಾಫಿ ಕುಡಿಯಲು ಹೋಗುತ್ತಾರೆ. ನಮ್ಮ ಚೀಟಿ ಆಂಟಿಯನ್ನು ಗೇಟ್‌ನಲ್ಲಿ ನಿಲ್ಲಿಸಿದ್ದರೆ ಐದು ನಿಮಿಷದಲ್ಲಿ ಮುಗಿಸುತ್ತಿದ್ದರು.

ವಿಮಾನ ಕಂಪನಿಗಳು ಇದನ್ನು ಹತ್ತು ವರ್ಷ ಕಿವಿಗೇ ಹಾಕಿಕೊಳ್ಳಲಿಲ್ಲ. 1972ರಲ್ಲಿ ಅವರು ಬಿಟ್ಟು ಹೋದದ್ದು ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನೇಡರ್ ಅವರನ್ನೇ! ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. 1978ರಲ್ಲಿ ಅಲ್ಲಿ ನಿಯಮ ಬಂತು: ಮೊದಲು ಸ್ವಂತ ಇಷ್ಟದಿಂದ ಇಳಿಯುವವರನ್ನು ಕೇಳಿ.

ಟೈಮ್ ಕಡಿಮೆ ಇದೆ, ಉಳಿದದ್ದು ಬೇಗ. 2017ರಲ್ಲಿ ಷಿಕಾಗೋದಲ್ಲಿ ಯುನೈಟೆಡ್ ಕಂಪನಿಯ ವಿಮಾನದಿಂದ, ಸಿಬ್ಬಂದಿಗೆ ಸೀಟು ಬೇಕೆಂದು ಪ್ರಯಾಣಿಕರೊಬ್ಬರನ್ನು ಎಳೆದು ಹಾಕಿದರು. ಆಮೇಲೆ ಇನ್ನೊಂದು ಕಂಪನಿ ಡೆಲ್ಟಾ, ಸೀಟು ಬಿಟ್ಟುಕೊಡುವವರಿಗೆ ಕೊಡುವ ಗರಿಷ್ಠ ಮೊತ್ತವನ್ನು 9,950 ಡಾಲರ್‌ಗೆ ಏರಿಸಿತು. ನಮ್ಮಲ್ಲಿ, ಸೀಟು ಸಿಗದವರಿಗಾಗಿ ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮವಿದೆ. ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ ಪರಿಹಾರ ಇಲ್ಲ. 24 ಗಂಟೆಯೊಳಗಾದರೆ ಹೆಚ್ಚೆಂದರೆ 10,000 ರೂಪಾಯಿ, ಆಮೇಲಾದರೆ ಹೆಚ್ಚೆಂದರೆ 20,000. ಈ ಮಿತಿ ನನಗಂತೂ ಕಡಿಮೆ ಅನ್ನಿಸುತ್ತದೆ.

ಮತ್ತೆ, ಇದು ಟೈಮ್‌ಗೆ ಬಂದವರಿಗೆ ಮಾತ್ರ. ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇಲ್ಲ.